ಹೊಳೆಬದಿ ಬಿಡಾರದ ಕೆಡ್ಡಸ

"ಆ ಕಂಬದಿಂದ ಕೈ ತೆಗೀರಿ!"

ಕುಮಾರಧಾರೆಯ ಆಚೆ ದಡಕ್ಕೂ ಕೇಳುವಂಥ ದನಿ! ಬೋಗಿ ಮರದ ಕಂಬಕ್ಕೆ ಸುಣ್ಣದ ಗುರುತು ಹಾಕುತ್ತಿದ್ದ ಖಾಕಿ ಅಂಗಿಯ ಯುವಕ ಬೆಚ್ಚಿ ತಿರುಗಿದ. ಎದುರಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ದಮಯಂತಿ ಟೀಚರ್. ಅವಳ ಹಿಂದೆ ಕಣ್ಣರಳಿಸಿದ ಮಕ್ಕಳ ದಂಡು.

"ನಾನು ಹೊಸ ಫಾರೆಸ್ಟರ್, ರಾಧಾಕೃಷ್ಣ. ಈ ಬಿಡಾರ ಹರಾಜಾಗಿದೆ. ಕಂಬಗಳನ್ನು ಕಂತ್ರಾಟುದಾರರು ಒಯ್ಯುತ್ತಾರೆ."

ಮಾತು ನೋಡಿದರೆ ಘಟ್ಟದ ಮೇಲಿನದು. 'ಇವನಿಗೆ ನಮ್ಮ ಹೊಳೆ ಎಂತ ಗೊತ್ತು!' ದಮಯಂತಿಯ ಎದೆ ಕುದಿಯಿತು.

ಕಾಡಿನ ಮರ ತೆಪ್ಪವಾಗಿ ಹೊಳೆಯಲ್ಲಿ ತೇಲಿಹೋಗುತ್ತಿದ್ದ ಕಾಲಕ್ಕೆ ತೆಪ್ಪದವರು ಉಣ್ಣುತ್ತಿದ್ದುದು, ಮಲಗುತ್ತಿದ್ದುದು ಈ ಬಿಡಾರದಲ್ಲೇ. ಲಾರಿ ಬಂತು, ತೆಪ್ಪ ನಿಂತಿತು. ಉಳಿದವನು ಮುದುಕ ಅಲಿ ಕುಂಞಿ ಒಬ್ಬನೇ. ಶನಿವಾರ ಶನಿವಾರ ದಮಯಂತಿ ಕಡಬದ ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತರುತ್ತಿದ್ದಳು. ಮೀನು, ಹಕ್ಕಿ, ಮರ, ಸುಳಿ... ಪಾಠವೆಲ್ಲ ಇಲ್ಲೇ. ಬಿಡಾರವನ್ನು ಶಾಲೆಗೆ ಬಿಟ್ಟುಕೊಡಿ ಎಂದು ಅವಳು ಕೇಳಿಕೊಳ್ಳದ ಅಧಿಕಾರಿಯಿಲ್ಲ.

ಆದರೆ ವಿಚಿತ್ರ! ಮುಂದಿನ ಶನಿವಾರ ರಾಧಾಕೃಷ್ಣ ಬಂದು ಮಕ್ಕಳ ಹಿಂದೆ ಕೂತ. ಅದರ ಮುಂದಿನ ಶನಿವಾರವೂ ಬಂದ. ಒಮ್ಮೆ ಅವನೇ ಕೊಂಬೆ ತೋರಿಸಿ, "ಟೀಚರ್, ನಿಮ್ಮ ಮಂಗಟ್ಟೆ ಹಕ್ಕಿ!" ಎಂದು ಮೆಲ್ಲಗೆ ಹೇಳಿದ.

'ನಿಮ್ಮ' ಅಂದನಲ್ಲ... ದಮಯಂತಿಗೆ ಆ ದಿನವೆಲ್ಲ ಏನೋ ಹಗುರ, ಏನೋ ಹೆದರಿಕೆ.

ಅಷ್ಟರಲ್ಲಿ ಬಂತು ಸುದ್ದಿ. ಕಂಬ ಅಗೆಯಲು ಫಾರೆಸ್ಟರ್ ದಿನ ಗೊತ್ತುಮಾಡಿದ್ದಾರೆ. ಯಾವಾಗ? ಕೆಡ್ಡಸದ ಮೂರು ದಿನ!

ಭೂಮಿತಾಯಿ ಮುಟ್ಟಾಗುವ ದಿನಗಳವು. ನೆಲ ಅಗೆಯುವಂತಿಲ್ಲ, ಹಸಿರು ಕಡಿಯುವಂತಿಲ್ಲ.

"ಬೇರೆ ದಿನ ಸಿಗ್ಲಿಲ್ವಾ ನಿಮಗೆ? ಅಮ್ಮ ಮಲಗಿರುವಾಗಲೇ ಹೊಟ್ಟೆಗೆ ಹಾರೆ ಹಾಕ್ಬೇಕಾ?" ರಾಧಾಕೃಷ್ಣನ ಎದುರು ನಿಂತ ದಮಯಂತಿಯ ಕಣ್ಣು ತುಂಬಿತ್ತು. "ಹಕ್ಕಿ ತೋರಿಸಿದ್ದೆಲ್ಲ ನಾಟಕ! ಇನ್ನು ನನ್ನ ಮಕ್ಕಳ ಹತ್ತಿರ ಬರ್ಬೇಡಿ."

ಅವನು ಏನೋ ಹೇಳಹೊರಟವನು ತಿರುಗಿ ಜೀಪು ಹತ್ತಿದ.

ಕೆಡ್ಡಸದ ಬೆಳಿಗ್ಗೆ ದಮಯಂತಿ ಮಕ್ಕಳನ್ನು ಕಟ್ಟಿಕೊಂಡು ಬಿಡಾರದ ಜಗಲಿಯಲ್ಲಿ ಹೋಗಿ ಕೂತುಬಿಟ್ಟಳು. ಹಾಸನದ ಕಡೆಯ ಕಂತ್ರಾಟುದಾರರ ಲಾರಿ ಬಂತು. ಊರಿನಲ್ಲೇ ಗೊತ್ತುಮಾಡಿದ ಆಳುಗಳು ಇಳಿದರು. ಇಳಿದವರು ಬೀಡಿ ಹಚ್ಚಿ ನೆರಳಲ್ಲಿ ಕೂತರು!

"ಏಳ್ರಯ್ಯಾ, ಅಗೀರಿ!" ಕಂತ್ರಾಟುದಾರರು ಗದರಿದರು.

ಆಳುಗಳ ಮುಂದಾಳು ವೆಂಕಪ್ಪ ಹೊಗೆ ಬಿಟ್ಟ. "ಎಂತ ಧನಿ, ಇವತ್ತು ಕೆಡ್ಡಸ ಅಲ್ವಾ? ಅಗೀಲಿಕ್ಕೆ ಉಂಟಾ? ನೀವು ಲಾರಿ ಹತ್ತಿ ಅಂದ್ರಿ, ಹತ್ತಿದೆವು."

"ಏ ಸಾಬಿ, ನಿನಗೇನು ಕೆಡ್ಡಸ? ನೀನು ಹಿಡಿ ಹಾರೆ!"

ಅಲಿ ಕುಂಞಿ ಬೊಚ್ಚುಬಾಯಿ ಬಿಟ್ಟು ನಕ್ಕ. "ನಾವು ಬ್ಯಾರಿಗಳು, ನಮಗೆ ಕೆಡ್ಡಸ ಇಲ್ಲ. ಆದ್ರೆ ತೆಪ್ಪ ಕಟ್ಟುವ ಕಾಲದಲ್ಲೂ ಈ ದಿನ ಇಲ್ಲಿ ಒಂದು ಗೂಟ ಹೊಡೀಲಿಲ್ಲ ನಾವು. ಊರಿನ ಅಮ್ಮ ಅಲ್ವಾ ಮಾರಾಯ್ರೆ?"

ಕಂತ್ರಾಟುದಾರರೇ ಹಾರೆ ಎತ್ತಿದರು. ನಾಲ್ಕು ಏಟಿಗೆ ಬೆವರು ಸುರಿಯಿತು, ಬೋಗಿ ಕಂಬ ಅಲುಗಲಿಲ್ಲ. ಮಕ್ಕಳು ಕಿಸಕ್ಕೆಂದರು. ಮರುದಿನವೂ ಅದೇ ಕಥೆ.

ಮೂರನೆಯ ದಿನ ಇಳಿಹೊತ್ತಿಗೆ ರಾಧಾಕೃಷ್ಣ ಜೀಪಿನಿಂದ ಇಳಿದ. "ಧನಿಗಳೇ, ವಾಯಿದೆ ಮುಗಿಯಿತು. ಕೊಟ್ಟ ದಿನದಲ್ಲಿ ಒಯ್ಯದಿದ್ದರೆ ಕಂಬ ಇಲಾಖೆಗೆ ವಾಪಸು. ಕರಾರಿಗೆ ನೀವೇ ಒಪ್ಪಿದ್ದು."

ಆಮೇಲೆ ಮಕ್ಕಳತ್ತ ತಿರುಗಿದ. "ಬಿಡಾರವನ್ನು ಕಾಡಿನ ಪಾಠಕ್ಕೇ ಉಳಿಸಬೇಕು ಅಂತ ಮೇಲಿನವರನ್ನು ಒಪ್ಪಿಸಿ ಬಂದೆ ಮಕ್ಕಳೇ. ಇನ್ನು ಇದು ನಿಮ್ಮದು!"

ಹೋ! ಎಂಬ ಕೂಗಿಗೆ ಹೊಳೆಬದಿಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಅಲಿ ಕುಂಞಿ ತಲೆಯ ಮುಂಡಾಸು ಬಿಚ್ಚಿ ಗಾಳಿಯಲ್ಲಿ ಬೀಸಿದ. ಕಂಬ ಹಿಡಿದು ನಿಂತ ದಮಯಂತಿಗೆ ನಗುವೋ ಅಳುವೋ ತಿಳಿಯಲಿಲ್ಲ.

"ನಿಮಗೆ... ಕೆಡ್ಡಸ ಗೊತ್ತಿತ್ತಾ?"

"ನಂದೂ ಘಟ್ಟದ ಕೆಳಗೇ, ಇಲ್ಲೇ ಕೊಲ್ಲಮೊಗ್ರು ಅಲ್ವಾ!" ಘಟ್ಟದ ಮಾತು ಥಟ್ಟನೆ ಮಾಯ! "ಭದ್ರಾವತಿಯಲ್ಲಿ ಕೆಲಸ ಮಾಡಿ ಮಾತು ಹಾಗಾದ್ದು. ಊರು ಯಾವುದೂಂತ ನೀವು ಕೇಳ್ಲೇ ಇಲ್ಲ. ಬಯ್ಯುದು ಮುಗಿದ್ರಲ್ವಾ ಕೇಳುದು?"

"ನನಗಾದ್ರೂ ಹೇಳ್ಬಹುದಿತ್ತು!"

"ನಿಮಗೆ ಹೇಳಿದ್ರೆ ಮಕ್ಕಳಿಗೆ ಹೇಳ್ತಿದ್ರಿ. ಮಕ್ಕಳಿಗೆ ಹೇಳಿದ್ರೆ ಕಡಬ ಪೇಟೆಗೆಲ್ಲ ಡಂಗುರ!" ಆಮೇಲೆ ದನಿ ತಗ್ಗಿತು. "ನೀವು 'ಬರ್ಬೇಡಿ' ಅಂದದ್ದು ಮಾತ್ರ... ತಡೀಲಿಕ್ಕೆ ಆಗ್ಲಿಲ್ಲ."

ಅವಳು ತಲೆ ತಗ್ಗಿಸಿ, ಬಾಳೆಲೆಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು. ಹುರಿದ ಅಕ್ಕಿಹಿಟ್ಟು, ಬೆಲ್ಲ, ತುಪ್ಪದ ಘಮ. ಕೆಡ್ಡಸದ ನನ್ನೆರಿ!

ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ವರ್ಷಾ ವರ್ಷ ಈ ಕೈಯದ್ದೇ ಬೇಕು, ದಮಯಂತಿ."

"ಹಾಗಾದ್ರೆ ಮನೆಗೆ ಬಂದು ಅಪ್ಪನ ಹತ್ರ ಕೇಳಿ."

"ಯಾವಾಗ ಬರ್ಲಿ?"

"ದಿನ ಗೊತ್ತುಮಾಡುದರಲ್ಲಿ ನೀವು ಜಾಣರಲ್ವಾ?" ಅವಳು ಓರೆನೋಟದಲ್ಲಿ ನಕ್ಕಳು. "ಆದ್ರೆ ಇದಕ್ಕೆ ಕೆಡ್ಡಸ ಅಡ್ಡ ಬರುದಿಲ್ಲ... ಇವತ್ತೇ ಬನ್ನಿ!"