ಮರೆಯ ಪಟ್ಟಣಕ್ಕೆ ದಾರಿ ಕೇಳಿದವನು

1959ರ ಫೆಬ್ರವರಿ 9, ಸೋಮವಾರ. ಬೆಳಗ್ಗೆ ಹತ್ತೂಕಾಲಿಗೆ ಶಂಕರಿ ಎಂಬವರು ಪುತ್ತೂರು ಠಾಣೆಗೆ ಬಂದು, ಗಂಡ ಮೂರು ದಿನಗಳಿಂದ ಮನೆಗೆ ಬಂದಿಲ್ಲವೆಂದು ದೂರು ಕೊಟ್ಟರು. ಗಂಡ ಮಹಾಗಣಪತಿ ಭಟ್ಟರು ಶಾಲಾ ಮಾಸ್ತರರು. ಅವರ ‘ಮರೆಯ ಪಟ್ಟಣ’ ಎಂಬ ಕಾದಂಬರಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ತಮ್ಮವರನ್ನು ಕಳೆದುಕೊಂಡ ಅಪರಿಚಿತರು ಎಲ್ಲೆಲ್ಲಿಂದಲೋ ಬಂದು, ಹೊಳೆ, ಜೋಡುಕಲ್ಲು ದಾಟಿ ಕಾಡಿನೊಳಗೆ ಅಡಗಿದ ಪಟ್ಟಣವೊಂದನ್ನು ಹುಡುಕಿಕೊಂಡು ಹೋಗುವ ಕತೆ. ಕಳೆದುಹೋದವರೆಲ್ಲ ಅಲ್ಲಿ ಬದುಕಿರುತ್ತಾರೆ.

“ಎಲ್ಲಿಗೆ ಹೋಗುದಂತ ಹೇಳಿದ್ರು?” ಸಬ್ ಇನ್‌ಸ್ಪೆಕ್ಟರ್ ಸಂಕಪ್ಪ ರೈ ಕೇಳಿದರು.

“ಕಡಬಕ್ಕೆ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ. ಒಂದು ಕಾಗದ ಬಂದಿತ್ತು, ಇಲ್ಲಿ ಉಂಟು.”

ಕಾಗದದಲ್ಲಿ ಎರಡೇ ಸಾಲು: ‘ನೀವು ಬರೆದ ಜೋಡುಕಲ್ಲು ನಾನು ನೋಡಿದ್ದೇನೆ. ಬಂದರೆ ತೋರಿಸುತ್ತೇನೆ.’ ಹೆಸರಿರಲಿಲ್ಲ. ಕಡಬದ ಅಂಚೆ ಮುದ್ರೆ ಇತ್ತು.

ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನ ಎರಡಕ್ಕೆ ರೈಯವರು ಕಾನ್‌ಸ್ಟೇಬಲ್ ಮಾಯಿಲಪ್ಪನೊಡನೆ ಕಡಬ ತಲುಪಿದರು. ಅಂಚೆ ಕಚೇರಿಯಲ್ಲಿ ಕೈಬರಹದ ಗುರುತು ಸಿಕ್ಕಿತು. ಅಕ್ಷರ ಬಾರದವರಿಗೆಲ್ಲ ಕಾಗದ ಬರೆದುಕೊಡುವ, ಚಾದಂಗಡಿಯ ಅಬ್ದುಲ್ ರಹ್ಮಾನರ ಬರಹ ಅದು.

“ಬರೆದದ್ದು ನಾನೇ ಸಾರ್,” ಎಂದರು ಅವರು. “ಬರೆಸಿದ್ದು ದುಗ್ಗಪ್ಪ ಗೌಡ.”

“ಅವನಿಗೆ ಓದ್ಲಿಕ್ಕೆ ಬರ್ತದಾ?”

“ಇಲ್ಲ. ಪತ್ರಿಕೆ ಬಂದ ದಿನ ನಾನು ಗಟ್ಟಿಯಾಗಿ ಓದುದು. ಅದನ್ನು ಕೇಳ್ಲಿಕ್ಕೆ ಆರು ಮೈಲು ನಡೆದು ಬರ್ತಾನೆ. ಚಾ ತಣ್ಣಗಾದ್ರೂ ಕುಡಿಯುದಿಲ್ಲ ಮಾರಾಯ್ರೆ.”

ಮಂಗಳವಾರ ಬೆಳಗ್ಗೆ ಏಳೂವರೆಗೆ ಪೊಲೀಸರು ಕಾಡಿನಂಚಿನ ದುಗ್ಗಪ್ಪನ ಗುಡಿಸಲು ಮುಟ್ಟಿದರು. ಬಾಗಿಲಿಗೆ ಹೊರಗಿನಿಂದ ಅಡ್ಡಮರ ಹಾಕಿತ್ತು. ದುಗ್ಗಪ್ಪ ಜಗಲಿಯಲ್ಲಿ ಕೂತಿದ್ದ. ಏಳಲಿಲ್ಲ, ಓಡಲಿಲ್ಲ. ಮಾಯಿಲಪ್ಪ ಅಡ್ಡಮರ ತೆಗೆದಾಗ ಮಾಸ್ತರರು ಕಣ್ಣು ಕಿರಿದು ಮಾಡಿಕೊಂಡು ಹೊರಬಂದರು.

“ಹೊಡೆದಿದ್ದಾನಾ?” ರೈ ಕೇಳಿದರು.

“ಇಲ್ಲ. ಅವನಲ್ಲಿ ನಾನು ಉಣ್ಣುದಿಲ್ಲ ಅಂತ ದಿನಾ ಹಾಲು, ಬಾಳೆಹಣ್ಣು ತಂದು ಇಟ್ಟ. ಜೋಡುಕಲ್ಲಿನಿಂದ ಮುಂದೆ ದಾರಿ ಯಾವುದು ಅಂತ ಒಂದೇ ಪ್ರಶ್ನೆ. ನಾನು ಕಟ್ಟಿದ ಕತೆ ಅಂದ್ರೆ ನಂಬುದಿಲ್ಲ.”

“ಹೊಳೆ ಉಂಟು, ಜೋಡುಕಲ್ಲು ಉಂಟು,” ದುಗ್ಗಪ್ಪ ಮೊದಲ ಬಾರಿ ಬಾಯಿ ಬಿಟ್ಟ. “ಅಲ್ಲಿವರೆಗೆ ಎಲ್ಲ ನಿಜ. ಮುಂದಿನದ್ದು ಮಾತ್ರ ಸುಳ್ಳಾ?”

ಮಾಸ್ತರರು ತಲೆ ತಗ್ಗಿಸಿದರು. ಹಿಂದೊಮ್ಮೆ ಶಾಲಾ ಮಕ್ಕಳೊಡನೆ ಅಲ್ಲಿವರೆಗೆ ಹೋಗಿದ್ದರು. ಕಂಡದ್ದನ್ನು ಹಾಗೆಯೇ ಬರೆದಿದ್ದರು.

ಪಂಚನಾಮೆ ಮುಗಿಯಿತು: ಅಡ್ಡಮರ ಒಂದು, ಚಾಪೆ ಒಂದು, ವಾರಪತ್ರಿಕೆಯ ಸಂಚಿಕೆ ಹದಿನೇಳು. ರೈಯವರು ಮಾಸ್ತರರನ್ನು ಬದಿಗೆ ಕರೆದರು.

“ಎಂತದಾದ್ರೂ ಒಂದು ದಿಕ್ಕು ತೋರಿಸಿದ್ರೆ ಬಿಡ್ತಿದ್ದ ಅಲ್ವಾ?”

“ತೋರಿಸಿದ್ರೆ ಅವ ಹೋಗ್ತಿದ್ದ ಸಾರ್. ಜೋಡುಕಲ್ಲಿನ ಆಚೆ ಇರುದು ಪ್ರಪಾತ.”

ಎಂಟೂ ನಲವತ್ತಕ್ಕೆ ದುಗ್ಗಪ್ಪನನ್ನು ಅಕ್ರಮ ಬಂಧನದ ಆರೋಪದ ಮೇಲೆ ದಸ್ತಗಿರಿ ಮಾಡಲಾಯಿತು. ಕೇಸು ಬೇಡವೆಂದು ಮಾಸ್ತರರು ಕೇಳಿಕೊಂಡರು. ಅದು ಇನ್ನು ಮ್ಯಾಜಿಸ್ಟ್ರೇಟರ ಕೈಯಲ್ಲಿದೆ ಎಂದರು ರೈ.

ಸಂಜೆ ಠಾಣೆಯಲ್ಲಿ ದುಗ್ಗಪ್ಪನ ಹೇಳಿಕೆ ಪಡೆದರು. ಹತ್ತು ವರ್ಷಗಳ ಹಿಂದೆ, ಅವನೊಡನೆ ಸೀಗೆಕಾಯಿ ಕೊಯ್ಯಲು ಹೋದ ಮಗಳು ಸೇವಂತಿ ಕಾಡಿನಲ್ಲಿ ತಪ್ಪಿಸಿಕೊಂಡಿದ್ದಳು. ಒಂಬತ್ತು ವರ್ಷದ ಹುಡುಗಿ. ಹೆಣವೂ ಸಿಕ್ಕಿರಲಿಲ್ಲ.

“ಆಗ ಪೊಲೀಸರಿಗೆ ಹೇಳಲಿಲ್ವಾ?”

“ಹೇಳಿದ್ದೆ. ಮೂರು ದಿನ ಹುಡುಕಿ ಬಿಟ್ರು. ಊರಿನವರು ಒಂದು ವಾರ. ಈ ಮಾಷ್ಟ್ರ ಕತೆಯಲ್ಲಿ ಯಾರೂ ಹುಡುಕುದು ಬಿಡುದಿಲ್ಲ ಸಾರ್.”

ಸಂಕಪ್ಪ ರೈ ಆ ಮಾತನ್ನೂ ಅವನು ಹೇಳಿದ ಹಾಗೆಯೇ ಬರೆದುಕೊಂಡರು.