೮೦೬ರಲ್ಲಿ ಮಡಚಿಟ್ಟ ಅಂಗಿ

ಮಂಗಳವಾರ ಬೆಳಗ್ಗೆ ಕೋಣೆಗಳ ಪಟ್ಟಿ ಕೈಗೆ ಬಂದ ಕೂಡಲೇ ನಿಶಿವಾಕಿ ಚಿಜುರು ಹುಡುಕಿದ್ದು ಎಂಟನೇ ಮಹಡಿಯನ್ನು. ೮೦೬. ಇಸೋಬೆ. ಎರಡು ರಾತ್ರಿ. ನಿನ್ನೆ ಸಂಜೆಯೇ ಬಂದಿಳಿದಿದ್ದಾನೆ. ಅವಳ ಕಿವಿ ಬಿಸಿಯಾಯಿತು.

"ಬಂದ್ನಾ ನಿನ್ನ ಪ್ರೇಮಿ?" ತಳ್ಳುಗಾಡಿಗೆ ಟವೆಲ್ ಜೋಡಿಸುತ್ತಿದ್ದ ಓಕುನೋ-ಸಾನ್ ಕೇಳಿದರು. ಅರವತ್ತು ದಾಟಿದ ಹೆಂಗಸು. ಒಸಾಕಾದಲ್ಲೇ ಹುಟ್ಟಿ ಬೆಳೆದವರು, ಬಾಯಿಗೆ ಬೀಗ ಹಾಕಿ ಗೊತ್ತಿಲ್ಲ.

"ಆ ಮಾತು ಇನ್ನೊಂದು ಸಲ ಅಂದ್ರೆ ಈ ಬ್ರಷ್‌ನಲ್ಲಿ ನಿಮ್ಮನ್ನೇ ಉಜ್ಜಿಬಿಡ್ತೀನಿ."

"ಅಯ್ಯೋ, ನಾನೊಬ್ಬಳೇ ಅಂದೆನೇನೇ? ಇಡೀ ಹೋಟೆಲ್ಲೇ ಅನ್ನುತ್ತೆ."

ಅದೇ ಅಲ್ಲವೇ ಸಂಕಟ! ಮೂರು ವಾರದಿಂದ ಇಡೀ ಹೋಟೆಲ್ ಅದನ್ನೇ ಅನ್ನುತ್ತಿತ್ತು. ತೆನ್ಮಾ ಸ್ಟೇಷನ್ನಿನ ಹಿಂಬದಿಯ ಈ ಹನ್ನೆರಡು ಮಹಡಿಯಲ್ಲಿ ಕೋಣೆಗಳು ಎಷ್ಟು ಒತ್ತಾಗಿವೆಯೆಂದರೆ ಒಂದರಲ್ಲಿ ಸೀನಿದರೆ ಪಕ್ಕದವನಿಗೆ ಎಚ್ಚರವಾಗುತ್ತದೆ. ಇಲ್ಲಿ ಮಾತು ಮುಚ್ಚಿಟ್ಟರೂ ನಿಲ್ಲುವುದಿಲ್ಲ.

ಆದದ್ದು ಇಷ್ಟು. ನಾಲ್ಕು ವರ್ಷ ಗುಡಿಸಿ, ಒರೆಸಿ, ಬೆನ್ನು ಬಾಗಿಸಿ ದುಡಿದ ಮೇಲೆ ಚಿಜುರುವಿಗೆ ತಪಾಸಣೆಯ ಹಸಿರು ಬಿಲ್ಲೆ ಸಿಕ್ಕಿತ್ತು. ಬೇರೆಯವರು ಸ್ವಚ್ಛ ಮಾಡಿದ ಕೋಣೆಗೆ ಕೊನೆಯ ಕಣ್ಣು ಅವಳದ್ದು. ಅವಳು ಸರಿ ಎಂದ ಮೇಲೆಯೇ ಕೋಣೆ ಸರಿ. ಮೂವತ್ತೆಂಟು ವರ್ಷದ ಬದುಕಿನಲ್ಲಿ ಅವಳ ಮಾತೇ ಕೊನೆಯ ಮಾತಾಗಿದ್ದ ಜಾಗ ಅದೊಂದೇ.

ಮೂರು ವಾರದ ಹಿಂದೆ ಇಸೋಬೆ ಎಂಬ ಅತಿಥಿ ೮೦೬ ಬಿಟ್ಟು ಹೋದ. ಹೋಗುವಾಗ ತಾನು ಹಾಕಿಕೊಂಡು ಮಲಗಿದ, ಹೋಟೆಲಿನವರೇ ಅತಿಥಿಗಳಿಗೆ ಕೊಡುವ ರಾತ್ರಿಯ ಅಂಗಿಯನ್ನು ಮಡಚಿಟ್ಟ. ಮಡಚುವುದೆಂದರೆ ಅಂತಿಂಥ ಮಡಚುವುದಲ್ಲ. ಕಾಲರ್ ಮೇಲೆ, ತೋಳು ಒಳಗೆ, ಲಾಂಡ್ರಿಯಿಂದ ಬಂದ ಹಾಗೇ, ಹೊಸ ಅಂಗಿ ಇಡುವ ಜಾಗದಲ್ಲೇ. ಸ್ವಚ್ಛ ಮಾಡಿದ ಹೊಸ ಹೆಂಗಸು ಅದನ್ನು ಒಗೆದದ್ದೆಂದೇ ತಿಳಿದು ಅಲ್ಲೇ ಬಿಟ್ಟಳು. ಚಿಜುರುವೂ ಹಾಗೆಯೇ ತಿಳಿದಳು. ಮರುದಿನ ಬಂದ ಅತಿಥಿ ಆ ಅಂಗಿ ಹಾಕಿಕೊಂಡರು, ಜೇಬಿಗೆ ಕೈ ಹಾಕಿದರು, ಒಂದು ಚೀಟಿ ತೆಗೆದರು. ಆಮೇಲೆ ಎರಡು ಪುಟದ ದೂರು ಬರೆದರು.

ಮ್ಯಾನೇಜರ್ ಸೆಗಾವಾ ಆ ಚೀಟಿಯನ್ನು ಬೆಳಗಿನ ಸಭೆಯಲ್ಲಿ ಹದಿನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದ. ತೋಕಿಯೋದ ಮುಖ್ಯ ಕಚೇರಿಯಿಂದ ಬಂದವನು, ವಯಸ್ಸಿನಲ್ಲಿ ಅವಳಿಗಿಂತ ಆರು ವರ್ಷ ಚಿಕ್ಕವನು. ರೇಡಿಯೋ ನಾಟಕದವರ ಹಾಗೆ ನಿಲ್ಲಿಸಿ ನಿಲ್ಲಿಸಿ ಓದಿದ.

'ಕೋಣೆ ಸಿದ್ಧ ಮಾಡುವವರಿಗೆ. ನೀವು ಎಡಗಡೆಯ ಪರದೆಯನ್ನು ಒಂದು ಗೇಣು ತೆರೆದಿಡುತ್ತೀರಿ. ಮಂಚದ ಮೇಲೆ ಕುಳಿತರೆ ಎರಡು ಗೋಡೆಗಳ ನಡುವೆ ನದಿ ಕಾಣುತ್ತದೆ. ಯಾರೂ ಹೇಳದೆಯೇ ಹೀಗೆ ಮಾಡುವವರು ಯಾರಿರಬಹುದೆಂದು ಯೋಚಿಸುತ್ತೇನೆ. ಈ ಊರಿಗೆ ಬರುವುದೆಂದರೆ ನನಗೆ ಈಗ ಬೇಸರವಿಲ್ಲ. ಇಸೋಬೆ.'

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರದೆ ತೆರೆದಿಡುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸೆಗಾವಾ ಅವಳ ಎದೆಯ ಬಿಲ್ಲೆ ಬಿಚ್ಚಿಸಿಕೊಂಡ. ತಿಂಗಳ ಕೊನೆಯವರೆಗೆ ಬಾತ್‌ರೂಮ್ ತೊಳೆಯುವ ಕೆಲಸ, ಆಮೇಲೆ ನೋಡೋಣ ಎಂದ.

ಸೆಗಾವಾ ಮೇಲೆ ಸಿಟ್ಟು ಮಾಡಿಕೊಂಡರೆ ಕೆಲಸಕ್ಕೇ ಸಂಚಕಾರ. ಊರಲ್ಲಿಲ್ಲದ ಇಸೋಬೆ ಮೇಲೆ ಮಾಡಿಕೊಂಡರೆ ಯಾರ ಗಂಟು ಹೋಗುತ್ತದೆ? ಮೂರು ವಾರ ಅವಳು ಸ್ನಾನದ ತೊಟ್ಟಿ ಉಜ್ಜಿದಾಗಲೆಲ್ಲ, ಎಂದೂ ನೋಡಿರದ ಅವನ ಮುಖವನ್ನೇ ಉಜ್ಜಿದಳು.

ಹನ್ನೊಂದು ಗಂಟೆಗೆ ೮೦೬ರ ಬಾತ್‌ರೂಮಿನಲ್ಲಿ ಅವಳು ಮಂಡಿಯೂರಿದ್ದಳು. ಬೀರುವಿನಷ್ಟು ಜಾಗ. ತಿರುಗಿದರೆ ಮೊಣಕೈಗೆ ನಲ್ಲಿ ತಾಗುತ್ತದೆ.

"ಕ್ಷಮಿಸಿ... ಸ್ಪ್ಯಾನರ್ ಮರೆತು ಹೋಗಿದ್ದೆ."

ತಿರುಗಿ ನೋಡಿದಳು. ನಲವತ್ತರ ಆಸುಪಾಸಿನ ಗಂಡಸು, ಬೂದು ಬಣ್ಣದ ಕೆಲಸದ ಜಾಕೆಟ್, ಉದ್ದ ಕತ್ತು. ಶೂ ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ನಿಂತಿದ್ದ. ತನ್ನದೇ ಕೋಣೆಗೆ ಅಪ್ಪಣೆ ಕೇಳುವವನ ಹಾಗಿದ್ದ.

"ನೀವೇನಾ ಇಸೋಬೆ?" ಇಷ್ಟು ವರ್ಷದಲ್ಲಿ ಅತಿಥಿಯೊಬ್ಬನನ್ನು ಅವಳು ಬರಿಯ ಹೆಸರು ಹಿಡಿದು ಕರೆದದ್ದು ಇದೇ ಮೊದಲು.

"ಹೌದು. ಏನಾದ್ರೂ ತಪ್ಪಾಯ್ತಾ?"

"ತಪ್ಪಾ? ಬನ್ನಿ ಒಳಗೆ. ತೋರಿಸ್ತೀನಿ."

ಒಳಗೆ ಬರುವುದೇನು ಸುಲಭವೇ? ಇದ್ದಷ್ಟೂ ನೆಲದಲ್ಲಿ ಅವನ ಸೂಟ್‌ಕೇಸ್ ಬಾಯಿ ತೆರೆದು ಮಲಗಿತ್ತು. ಅವಳು ಬಾತ್‌ರೂಮಿನಿಂದ ಹೊರಬಂದಳು. ಅವನು ಗೋಡೆಗೆ ಅಂಟಿಕೊಂಡ, ಸಾಲಲಿಲ್ಲ. ಕೊನೆಗೆ ಮಂಚ ಹತ್ತಿದ. ಹತ್ತಿದವನು ಮಂಡಿ ಮಡಚಿ, ತೊಡೆಯ ಮೇಲೆ ಕೈಯಿಟ್ಟು, ಮೇಷ್ಟರ ಮುಂದೆ ಕೂತವನ ಹಾಗೆ ಕೂತುಬಿಟ್ಟ.

ಚಿಜುರು ಹಾಸಿಗೆಯ ಕಾಲ್ದೆಸೆಯಿಂದ ಮಡಚಿದ ಅಂಗಿಯನ್ನು ಎತ್ತಿ ಹಿಡಿದಳು. "ಇದನ್ನ ಮಡಚಿದ್ದು ಯಾರು?"

"ನಾನು."

"ಯಾಕೆ?"

"ನಿಮಗೆ ಕೆಲಸ ಕಡಿಮೆಯಾಗ್ಲಿ ಅಂತ."

"ಕಡಿಮೆಯಾಯ್ತು ಬಿಡಿ. ಇದ್ದ ಕೆಲಸವೇ ಹೋಯ್ತು!"

ಆಮೇಲೆ ಅವಳು ನಿಲ್ಲಿಸಲಿಲ್ಲ. ದೂರು, ಸಭೆ, ಹದಿನಾಲ್ಕು ಜನ, ಬಿಲ್ಲೆ, ಎಲ್ಲವೂ ಹೊರಗೆ ಬಂತು. ಮಾತಿನ ನಡುವೆ ಕೈಯಲ್ಲಿದ್ದ ಬ್ರಷ್‌ನಿಂದ ನೊರೆ ಹಾರಿ ಅವನ ಜಾಕೆಟ್ಟಿನ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಅವನ ಮುಖದ ಬಣ್ಣವೇ ಇಳಿದುಹೋಗಿತ್ತು. ಅವಳು ಉಸಿರೆಳೆದುಕೊಳ್ಳಲು ನಿಂತಾಗ ಅವನು ಹಣೆ ಹಾಸಿಗೆಗೆ ತಾಗುವಷ್ಟು ಬಾಗಿದ.

"ಬಾಗಬೇಡಿ! ನೀವು ಬಾಗಿದ್ರೆ ನಾನೂ ಬಾಗಬೇಕು. ಇಲ್ಲಿ ಇಬ್ಬರು ಬಾಗೋಷ್ಟು ಜಾಗ ಇಲ್ಲ."

ಅವನು ತಟ್ಟನೆ ನೆಟ್ಟಗಾದ. "ನಮ್ಮಮ್ಮ ಬಿಸಿನೀರಿನ ಬುಗ್ಗೆಯ ಊರಲ್ಲಿ, ತಂಗುವ ಮನೆಯಲ್ಲಿ ಹಾಸಿಗೆ ಹಾಸೋ ಕೆಲಸ ಮಾಡ್ತಿದ್ರು. ದಿನಕ್ಕೆ ನಲವತ್ತು ಹಾಸಿಗೆ. ಮನೆಗೆ ಬಂದು ಸೊಂಟ ಹಿಡ್ಕೊಂಡು ಕೂತ್ಬಿಡೋರು. ಅದಕ್ಕೇ ನಾನು..."

"ನಿಮ್ಮಮ್ಮನ ಮೇಲಿನ ಪ್ರೀತಿ ನನ್ನ ತಲೆ ಮೇಲೆ ಬಿತ್ತಲ್ಲ ಸ್ವಾಮಿ! ಇರಲಿ. ಚೀಟಿ ಜೇಬಲ್ಲಿ ಯಾಕಿಟ್ರಿ? ಮೇಜಿರಲಿಲ್ವಾ?"

"ಮೊದಲನೇದು ಮೇಜಿನ ಮೇಲೇ ಇಟ್ಟಿದ್ದೆ. ನಾಲ್ಕು ದಿನಕ್ಕೆ ಅಂಚೆಯಲ್ಲಿ ಮನೆಗೆ ಬಂತು. 'ನೀವು ಮರೆತು ಹೋದ ವಸ್ತು' ಅಂತ."

ಚಿಜುರುವಿಗೆ ನಗು ಬಂದುಬಿಡುತ್ತಿತ್ತು, ತುಟಿ ಕಚ್ಚಿ ತಡೆದಳು. ಅತಿಥಿ ಬಿಟ್ಟು ಹೋದದ್ದನ್ನು, ಒಂದು ಗುಂಡಿಯಾದರೂ ಸರಿ, ಪುಸ್ತಕದಲ್ಲಿ ಬರೆದು ವಾಪಸು ಕಳಿಸಬೇಕೆಂಬುದು ಹೋಟೆಲಿನ ನಿಯಮ. "ಮೊದಲನೇದು ಅಂದ್ರೆ? ಒಟ್ಟು ಎಷ್ಟು ಬರೆದಿದ್ರಿ?"

"ಹದಿನಾರು. ಮೂರು ವಾರಕ್ಕೊಮ್ಮೆ ಬರ್ತೀನಲ್ಲ, ಪ್ರತಿ ಸಲ ಒಂದು. ಬಟ್ಟೆ ಒಗೆಯೋಕೆ ಹಾಕೋ ಮುಂಚೆ ಜೇಬು ನೋಡ್ತಾರೆ ಅಂದ್ಕೊಂಡೆ."

"ಜೇಬು ತಡಕೋಕೆ ನಾವೇನು ಪೊಲೀಸರಾ? ಎಲ್ಲಾ ಸೋಪಿನ ನೀರಲ್ಲಿ ಕರಗಿ ಹೋಗಿರುತ್ತೆ."

ಹಾಗೆಂದಳು, ಅಂದ ಮೇಲೆ ಎದೆಯಲ್ಲಿ ಏನೋ ಚುರ್ ಎಂದಿತು. ಅಂಚೆಯಲ್ಲಿ ವಾಪಸಾದದ್ದು, ಸಭೆಯಲ್ಲಿ ಓದಿದ್ದು ಬಿಟ್ಟರೆ ಹದಿನಾಲ್ಕು ಚೀಟಿ ತೊಳೆದುಹೋಗಿದ್ದವು! ಅವಳಿಗೆ ಹಿಂದೆ ಒಂದು ಮದುವೆಯಾಗಿ ಆರು ವರ್ಷಕ್ಕೆ ಮುಗಿದಿತ್ತು. ಆ ಗಂಡ ಇವಳು ಸೊಂಟದವರೆಗಿನ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡು ಬಂದರೂ ತಲೆಯೆತ್ತಿ ನೋಡಿದವನಲ್ಲ. ಈ ಮನುಷ್ಯ ಒಂದು ಗೇಣು ಪರದೆಯನ್ನು ಹನ್ನೊಂದು ತಿಂಗಳು ನೋಡಿದ್ದಾನೆ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಸರಿ, ಸ್ಪ್ಯಾನರ್ ತಗೊಳ್ಳಿ, ಹೊರಡಿ. ಎಲ್ಲಿದೆ ಅದು?"

ಅವಳ ಕಣ್ಣು ಅವನ ಭುಜದ ಚೀಲಕ್ಕೆ ಹೋಯಿತು. ಅದರ ಬಾಯಿಯಲ್ಲೇ ಸ್ಪ್ಯಾನರಿನ ತಲೆ ಇಣುಕುತ್ತಿತ್ತು.

"ಅದೇನದು?"

"ಸ್ಪ್ಯಾನರ್." ಅವನ ಉದ್ದ ಕತ್ತು ಬುಡದಿಂದ ಕೆಂಪಾಯಿತು. "ನಿನ್ನೆ ಬಂದಾಗ ಪರದೆ ಪೂರ್ತಿ ಮುಚ್ಚಿತ್ತು. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಹಾಗಾಗಿರಲಿಲ್ಲ. ಪರದೆ ತೆರೆದಿಡೋರು ಕೆಲಸ ಬಿಟ್ಟು ಹೋದ್ರೇನೋ, ಆರೋಗ್ಯ ಸರಿಯಿಲ್ವೇನೋ ಅಂತ... ಹಲ್ಲಿನ ಡಾಕ್ಟರುಗಳ ಕುರ್ಚಿ ರಿಪೇರಿ ಮಾಡೋದು ನನ್ನ ಕೆಲಸ. ಬೆಳಗ್ಗೆ ಅದಕ್ಕೆ ಕೂತ್ರೆ ಕೈಯೇ ಓಡಲಿಲ್ಲ. ಕುರ್ಚಿ ಮೇಲಕ್ಕೆ ಹೋಗೋ ಬದಲು ಕೆಳಕ್ಕೆ ಹೋಯ್ತು. ಯಾರನ್ನಾದ್ರೂ ಕೇಳೋಣ ಅಂತ ಬಂದೆ."

ಅವನು ಅವಳ ಮುಖ ನೋಡಿದ, ಹಣೆಯ ಮೇಲಿನ ನೊರೆ ನೋಡಿದ, ಕಣ್ಣು ತಗ್ಗಿಸಿದ. ಮತ್ತೆ ನೋಡಿದ.

"ಹಾಗೆ ನೋಡಬೇಡಿ. ನನಗಿನ್ನೂ ಸಿಟ್ಟಿದೆ."

"ಗೊತ್ತು."

"ನಾಳೆ ಹೋಗುವಾಗ ಒಂದನ್ನೂ ಮಡಚಬೇಡಿ. ಎಲ್ಲರ ಹಾಗೆ ಎಸೆದು ಹೋಗಿ."

"ಅದು ನನ್ನ ಕೈಲಿ..."

"ಆಗುತ್ತೆ!" ಎಂದು ಬ್ರಷ್ ತೋರಿಸಿದಳು.

ಎರಡು ಗಂಟೆಗೆ ಪಾಳಿ ಮುಗಿಯುವ ಮುಂಚೆ ಸೆಗಾವಾನಿಂದ ಕರೆ ಬಂತು. ಇಸೋಬೆ ಕೆಳಗಿಳಿದವನು ಸುಮ್ಮನೆ ಹೋಗಿರಲಿಲ್ಲ. ಆಫೀಸಿಗೆ ನುಗ್ಗಿ ಕಾಲು ಗಂಟೆ ಬಾಗಿ ಬಾಗಿ ಕ್ಷಮೆ ಕೇಳಿದ್ದ. ಒಳ್ಳೆಯದು ಮಾಡಲು ಹೋಗಿ ಮತ್ತೆ ಅವಳ ತಲೆಯ ಮೇಲೇ ಹಾಕಿದ್ದ!

"ಅತಿಥಿ ನಮ್ಮ ಹತ್ರ ಕ್ಷಮೆ ಕೇಳೋ ಹಾಗಾಯ್ತು," ಸೆಗಾವಾ ಪೆನ್ನಿನಿಂದ ಮೇಜು ಕುಟ್ಟಿದ. "ಅಂದ್ರೆ ನೀವು ಅವರ ಹತ್ರ ಜಗಳ ಆಡಿದ್ದೀರಿ. ನಿಶಿವಾಕಿ-ಸಾನ್, ಪ್ರೇಮಪತ್ರ ಬಂತು ಅಂತ ತಲೆ ತಿರುಗಿದ್ಯಾ?"

ಆಗ ಚಿಜುರುವಿಗೆ ಒಂದು ಸಂಗತಿ ನಿಚ್ಚಳವಾಯಿತು. ಮೂರು ವಾರ ಅವಳು ತಪ್ಪು ಮುಖವನ್ನು ಉಜ್ಜುತ್ತಿದ್ದಳು. ಅವಳ ಮರ್ಯಾದೆ ತೆಗೆದದ್ದು ಬರೆದವನಲ್ಲ, ಓದಿದವನು.

"ಅಂಗಿ ನೋಡದೆ ಬಿಟ್ಟದ್ದು ನನ್ನ ತಪ್ಪು," ಎಂದಳು. "ಅದಕ್ಕೆ ತಿಂಗಳ ಕೊನೆಯವರೆಗೆ ತೊಟ್ಟಿ ತೊಳೀತೀನಿ, ಬಿಲ್ಲೆ ನಿಮ್ಮ ಹತ್ರಾನೇ ಇರಲಿ. ಒಂದನೇ ತಾರೀಖು ಬಂದು ಕೇಳ್ತೀನಿ. ಆದ್ರೆ ಆ ಚೀಟಿ ಎಲ್ಲಿ?"

"ದೂರಿನ ಫೈಲಿನಲ್ಲಿ."

"ಅತಿಥಿ ಬಿಟ್ಟು ಹೋದ ವಸ್ತು ಪುಸ್ತಕದಲ್ಲಿ ಬರೀಬೇಕು. ಗುಂಡಿ ಸಿಕ್ಕಿದ್ರೂ ಬರೀಬೇಕು ಅಂತ ಪ್ರತಿ ಸೋಮವಾರ ಹೇಳೋರು ನೀವೇ. ಅದನ್ನ ಬರೆದಿದ್ದೀರಾ?"

ಪೆನ್ನು ಕುಟ್ಟುವುದು ನಿಂತಿತು.

"ಬರೆದಿಲ್ಲ. ಬರೆಯದೆ ಫೈಲಿನಲ್ಲಿ ಇಟ್ಕೊಂಡ್ರಿ, ಹದಿನಾಲ್ಕು ಜನರ ಮುಂದೆ ನಾಟಕದ ಹಾಗೆ ಓದಿದ್ರಿ. ಅದು ನನಗೆ ಬರೆದದ್ದು. ಕೊಡಿ ಇಲ್ಲಿ."

ಸೆಗಾವಾ ಕೆಮ್ಮಿದ. ಫೈಲು ತೆಗೆದ. ಆಮೇಲೆ ಪುಸ್ತಕವನ್ನೂ ತೆಗೆದು ಅವಳತ್ತ ತಳ್ಳಿದ. ಅವಳು ನಿಧಾನವಾಗಿ ಬರೆದಳು. ವಸ್ತು: ಪತ್ರ. ಸಿಕ್ಕಿದ ಜಾಗ: ೮೦೬. ವಾರಸುದಾರರು: ನಿಶಿವಾಕಿ ಚಿಜುರು. ಹಾಜರಿಗೆ ಸಹಿಯ ಬದಲು ಒತ್ತುವ ತನ್ನ ಹೆಸರಿನ ಪುಟ್ಟ ಮೊಹರನ್ನು ತೆಗೆದು ಪಕ್ಕದಲ್ಲಿ ಗಟ್ಟಿಯಾಗಿ ಒತ್ತಿದಳು. ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಓಕುನೋ-ಸಾನ್, ಮೊದಲ ಬಾರಿಗೆ, ಏನೂ ಅನ್ನಲಿಲ್ಲ.

ಬುಧವಾರ ಹತ್ತು ಗಂಟೆಗೆ ೮೦೬ರ ಬಾಗಿಲು ತೆರೆದವರೇ ಓಕುನೋ-ಸಾನ್ ಕಿರುಚಿದರು. "ಚಿಜು-ಚಾನ್, ಬಾರೇ ಇಲ್ಲಿ! ಒಳಗೆ ಚಂಡಮಾರುತ ಬಂದು ಹೋಗಿದೆ!"

ಹೊದಿಕೆ ನೆಲದ ಮೇಲಿತ್ತು. ದಿಂಬು ತೊಟ್ಟಿಯ ನೀರಿನಲ್ಲಿ ನೆನೆದು ಕೂತಿತ್ತು. ಅಂಗಿ ಮುದುಡಿ, ಒಂದು ತೋಳು ದೀಪಕ್ಕೆ, ಇನ್ನೊಂದು ಕುರ್ಚಿಗೆ ನೇತಾಡುತ್ತಿತ್ತು. ಅಭ್ಯಾಸವಿಲ್ಲದವನು ಕಷ್ಟಪಟ್ಟು, ಯೋಚಿಸಿ ಯೋಚಿಸಿ ಮಾಡಿದ ರಾದ್ಧಾಂತ. ಮುಖ ಒರೆಸುವ ಪುಟ್ಟ ಟವೆಲ್ ಮಾತ್ರ ನಾಲ್ಕು ಮಡಿಕೆಯಾಗಿ ಮೂಲೆಗೆ ಮೂಲೆ ಕೂಡಿಸಿ ಮೇಜಿನ ಅಂಚಿನಲ್ಲಿತ್ತು. ಅದೊಂದನ್ನು ಬಿಡಲು ಅವನ ಕೈ ಒಪ್ಪಿರಲಿಲ್ಲ.

ಎಡಗಡೆಯ ಪರದೆ ಒಂದು ಗೇಣು ತೆರೆದಿತ್ತು.

ಹೋಟೆಲಿನವರು ಮಂಚದ ಮೇಲೆ ಕೂರಬಾರದು. ಚಿಜುರು ಕೈಯಲ್ಲಿ ಅಂಗಿ ಹಿಡಿದು ಕೂತಳು. ಎರಡು ಗೋಡೆಗಳ ನಡುವೆ ನದಿ ಕಂಡಿತು, ನದಿಯ ಮೇಲೆ ಸೇತುವೆಯ ಒಂದು ತುಂಡು ಕಂಡಿತು. ಆ ತುಂಡಿನಲ್ಲಿ ಸರಿಯಾಗಿ, ಪಕ್ಕದಲ್ಲಿ ಸೂಟ್‌ಕೇಸ್ ನಿಲ್ಲಿಸಿಕೊಂಡು, ಬೂದು ಜಾಕೆಟ್ಟಿನವನೊಬ್ಬ ನಿಂತಿದ್ದ. ಕತ್ತೆತ್ತಿ ಕಿಟಕಿಗಳನ್ನು ಎಣಿಸುತ್ತಿದ್ದ.

ಕಿಟಕಿ ಒಂದು ಮುಷ್ಟಿಯಷ್ಟೇ ತೆರೆಯುತ್ತದೆ. ಅವಳು ಅಷ್ಟಕ್ಕೇ ಬಾಯಿ ಇಟ್ಟಳು.

"ಎರಡು ಗಂಟೆಗೆ ಕೆಳಗೆ ಬರ್ತೀನಿ! ದಿಂಬು ಯಾಕ್ರೀ ನೀರಿಗೆ ಹಾಕಿದ್ರಿ? ಅದು ಒಣಗೋಕೆ ಎಷ್ಟು ಹೊತ್ತು ಬೇಕು ಗೊತ್ತಾ ನಿಮಗೆ?"

ಸೇತುವೆಯ ಮೇಲಿನ ನಾಲ್ಕಾರು ಜನ ತಲೆಯೆತ್ತಿದರು. ಅವನಿಗೂ ಕೇಳಿಸಿತು. ಕೈಗಳು ತೊಡೆಗೆ ಸೇರಿದವು, ಸೊಂಟ ಬಗ್ಗತೊಡಗಿತು.

"ಬಾಗಬೇಡೀ!"

ಅರ್ಧಕ್ಕೇ ನಿಂತ. ನೆಟ್ಟಗಾದ. ಆ ಕೈಗಳನ್ನು ಏನು ಮಾಡಬೇಕೆಂದು ಒಂದು ಗಳಿಗೆ ತೋಚಲಿಲ್ಲ ಅವನಿಗೆ. ಆಮೇಲೆ ಬಲಗೈಯನ್ನು ತಲೆಯ ಮೇಲಕ್ಕೆತ್ತಿ ಬೀಸಿದ.

ಅವಳೂ ಆ ಸಂದಿಯಲ್ಲಿ ಕೈ ತೂರಿಸಿ ಬೀಸಿದಳು. ಕೈಯಲ್ಲಿ ಆ ಮುದುಡಿದ ಅಂಗಿ ಇನ್ನೂ ಇತ್ತು.