ರಾಹುಕಾಲದ ಗಟ್ಟಿಮೇಳ

೧೯೭೪ನೇ ಇಸವಿ ಮೇ ೧೩, ಸೋಮವಾರ. ಬೆಳಗ್ಗೆ ಹತ್ತೂಕಾಲಿಗೆ ಮದ್ದೂರು ಠಾಣೆಗೆ ಬಂದ ದೂರನ್ನು ಸಬ್ ಇನ್ಸ್‌ಪೆಕ್ಟರ್ ಚಿಕ್ಕಮಾದಯ್ಯ ಎರಡು ಸಲ ಓದಿ, ಟೋಪಿ ತೆಗೆದು ಮೇಜಿನ ಮೇಲಿಟ್ಟರು. ರೈಲ್ವೆ ಮುಷ್ಕರದಿಂದಾಗಿ ಕಾನ್‌ಸ್ಟೇಬಲ್‌ಗಳೆಲ್ಲ ರೈಲು ನಿಲ್ದಾಣದ ಬಂದೋಬಸ್ತಿಗೆ ಹೋಗಿದ್ದರು. ಠಾಣೆಯಲ್ಲಿ ಉಳಿದಿದ್ದವರು ದಫೇದಾರ್ ತಿಬ್ಬೇಗೌಡ ಮತ್ತು ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡಿದ್ದ ಒಬ್ಬ ಕಾನ್‌ಸ್ಟೇಬಲ್ ಮಾತ್ರ.

ದೂರು ತಂದವರು ಮಂಡ್ಯದ ವಕೀಲ ಯೋಗಾನರಸಿಂಹ. ಆ ದಿನ ಅವರ ಮಗನ ಮದುವೆ. ಮೈಮೇಲೆ ಇನ್ನೂ ಜರಿ ಪಂಚೆ, ಶಲ್ಯ ಇದ್ದವು.

"ಗಟ್ಟಿಮೇಳ ಬಾರಿಸಿದ್ದಕ್ಕೆ ಕೇಸಾ ಸ್ವಾಮಿ?" ಎಂದರು ಚಿಕ್ಕಮಾದಯ್ಯ.

"ರಾಹುಕಾಲದಲ್ಲಿ ಬಾರಿಸಿದ್ದಕ್ಕೆ. ಸೋಮವಾರ ಅದು ಒಂಬತ್ತರವರೆಗೂ ಇರುತ್ತೆ. ಮುಹೂರ್ತ ಇದ್ದದ್ದು ಒಂಬತ್ತೂ ಇಪ್ಪತ್ತಕ್ಕೆ. ಯಾರೋ ಬೇಕೂಂತಲೇ ಎಂಟೂ ಐವತ್ತಕ್ಕೆ ಮೈಕಿನಲ್ಲಿ ಗಟ್ಟಿಮೇಳದ ರೆಕಾರ್ಡು ಹಾಕಿದಾರೆ. ಜನ ಅಕ್ಷತೆ ಹಾಕಿಬಿಟ್ಟರು. ನನ್ನ ಮಗ ತಾಳಿ ಕಟ್ಟಿಬಿಟ್ಟ."

"ಆಗ ನೀವೆಲ್ಲಿದ್ರಿ?"

"ಬೀಗರ ಹತ್ತಿರ ಒಳಗೆ ಮಾತಾಡ್ತಿದ್ದೆ."

"ಏನು ಮಾತು?"

"ಅದು ಮನೆ ಮಾತು. ಧಾರ್ಮಿಕ ವಿಧಿಗೆ ಭಂಗ ತಂದದ್ದು ಐಪಿಸಿ ಇನ್ನೂರ ತೊಂಬತ್ತಾರರ ಕೆಳಗೆ ಬರುತ್ತೆ. ಎಫ್‌ಐಆರ್ ಹಾಕಿ. ಆ ಮದುವೆ ಮದುವೆಯೇ ಅಲ್ಲ. ಸಂಜೆ ಮಗನನ್ನ ಕರಕೊಂಡು ಹೋಗ್ತೀನಿ, ಹುಡುಗಿ ಇಲ್ಲೇ ಇರಲಿ."

ಚಿಕ್ಕಮಾದಯ್ಯ ಎಫ್‌ಐಆರ್ ಬರೆಸಿದರು. ವಕೀಲರು ಹೊರಗೆ ಹೋದ ಮೇಲೆ ತಿಬ್ಬೇಗೌಡ, "ನಾಳೆ ಸಾರಿಗೆ ಉಪ್ಪು ಜಾಸ್ತಿಯಾದ್ರೂ ಇಲ್ಲಿಗೇ ಬತ್ತಾರೆ ಸಾ," ಎಂದ.

ಛತ್ರಕ್ಕೆ ಹೋದಾಗ ಹನ್ನೊಂದು ಗಂಟೆ. ಹುಡುಗಿಯ ತಂದೆ ವೆಂಕಟೇಶಮೂರ್ತಿ ಮದ್ದೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರು. ಊರು ಹಿಂದೆಂದೂ ನೋಡಿರದಂಥ ಮದುವೆ ಮಾಡಿದ್ದರು. ಬಾಗಿಲಿಗೆ ಬಣ್ಣದ ಬಲ್ಬುಗಳಲ್ಲಿ ಗರಿ ಬಿಚ್ಚುವ ನವಿಲು, ಅಂಗಳದಲ್ಲಿ ಕಾರಂಜಿ, ನಾಲ್ಕು ದಿಕ್ಕಿಗೂ ಮೈಕಿನ ಹಾರನ್ನುಗಳು. ಹಿಂದಿನ ದಿನದಿಂದ ಊರಿನ ಕಿವಿ ತೂತಾಗುವಷ್ಟು ಹಾಡಿದ್ದ ಹಾರನ್ನುಗಳು ಈಗ ಸುಮ್ಮನಿದ್ದವು. ಹಸೆಯ ಮೇಲೆ ಹುಡುಗಿ ಆಂಡಾಳ್ ಹೊಸ ತಾಳಿ ಕಟ್ಟಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮದುಮಗ ಅನಂತರಾಮು ತನ್ನ ಕಾಲ ಬೆರಳುಗಳನ್ನೇ ನೋಡುತ್ತಿದ್ದ. ಏಳಬೇಕೋ ಕೂರಬೇಕೋ ಅವರಿಬ್ಬರಿಗೂ ಯಾರೂ ಹೇಳಿರಲಿಲ್ಲ.

ಚಿಕ್ಕಮಾದಯ್ಯ ಮೊದಲು ವೆಂಕಟೇಶಮೂರ್ತಿಯನ್ನು ವಿಚಾರಿಸಿದರು.

"ಏನದು ಮನೆ ಮಾತು?"

"ಸ್ಕೂಟರ್. ಬುಕ್ ಮಾಡಿ ನಾಲ್ಕು ವರ್ಷ ಆಯ್ತು, ಇನ್ನೂ ಸರದಿ ಬಂದಿಲ್ಲ. ಸ್ಕೂಟರ್ ಬರೋವರೆಗೂ ಮಾಂಗಲ್ಯದ ತಟ್ಟೆ ಮುಟ್ಟಲ್ಲ ಅಂದ್ರು ಬೀಗರು. ಒಂಬತ್ತಕ್ಕೆ ಎಲ್ಲರನ್ನೂ ಬಸ್ಸು ಹತ್ತಿಸ್ತೀನಿ ಅಂದ್ರು. ನನ್ನ ಕಾರೇ ತಗೊಂಡು ಹೋಗಿ ಅಂದೆ ಸ್ವಾಮಿ. ಕಾರು ಬೇಡವಂತೆ, ಮಾತಾಗಿದ್ದು ಸ್ಕೂಟರಂತೆ."

"ಹಾಗಾದ್ರೆ ಗಟ್ಟಿಮೇಳದಿಂದ ಲಾಭ ನಿಮಗೇ."

"ನಾನು ಅವರೆದುರಿಗೇ ಕೂತಿದ್ದೆ. ದೊಡ್ಡ ಪುರೋಹಿತರೂ ಅಲ್ಲೇ ಇದ್ರು. ಕೇಳಿ ಬೇಕಾದ್ರೆ."

ಕೇಳಿದರು; ನಿಜವಾಗಿತ್ತು. ಹಸೆಯ ಹತ್ತಿರ ಇದ್ದವನು ಚಿಕ್ಕ ಪುರೋಹಿತನೊಬ್ಬನೇ. ಅವನನ್ನು ಕರೆದರು.

"ಗಡಿಯಾರ ನೋಡಲಿಲ್ವೇನಯ್ಯ?"

"ಗಟ್ಟಿಮೇಳ ಆದಮೇಲೆ ಗಡಿಯಾರ ಯಾರು ನೋಡ್ತಾರೆ ಸ್ವಾಮಿ? ಕಿವಿಗೆ ಬಿತ್ತು, ಬಾಯಿ ತಾನೇ ಮಂತ್ರ ಹೇಳಿಬಿಡ್ತು."

"ವಾಲಗದವರು ಕಾಫಿಗೆ ಹೋಗಿದ್ರಂತಲ್ಲ?"

"ನಿನ್ನೆಯಿಂದ ಎಲ್ಲಾನೂ ಹಾರನ್ನಿಂದಲೇ ಬರ್ತಿದೆ. ಯಾರು ಊದ್ತಾರೆ, ಯಾರು ಊದಲ್ಲ, ಯಾರಿಗೆ ಗೊತ್ತು?"

ಮೈಕ್ ಸೆಟ್ಟು ಮಹಡಿ ಮೆಟ್ಟಿಲ ಕೆಳಗಿತ್ತು. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುಮಾಡಿದರು. ಸೆಟ್ಟಿನ ಯಜಮಾನ ಮಳವಳ್ಳಿಯ ಮುದ್ದಯ್ಯ, ಗೋಡೆಗೆ ಒರಗಿಕೊಂಡು ನಿಂತಿದ್ದ.

"ಎಲ್ಲಿದ್ದೆಲಾ ಆವಾಗ?" ಎಂದ ತಿಬ್ಬೇಗೌಡ.

"ತೆಂಗಿನ್ ಮರದ್ ಮೇಲೆ. ಆರನ್ನು ವಾಲ್ಕಂಡಿತ್ತು, ಕಟ್ತಿದ್ದೆ."

"ನೀನು ಮರದ್ ಮೇಲೆ, ಪಿನ್ನು ತಾನಾಗೇ ರೆಕಾರ್ಡಿನ್ ಮೇಲೆ ಕುಂತ್ಕತ್ತಾ?"

"ಯಾರೋ ಮುಟ್ಟವ್ರೆ. ನಾ ಏನ್ ಕಂಡೆ ಬುಡಣ್ಣ."

ಚಿಕ್ಕಮಾದಯ್ಯ ಆ ರೆಕಾರ್ಡನ್ನು ಮೊದಲಿನಿಂದ ಹಾಕಿಸಿದರು. ನಾದಸ್ವರ ನಿಧಾನವಾಗಿ ಎಳೆಯತೊಡಗಿತು. ಒಂದು ನಿಮಿಷವಾಯಿತು, ಎರಡಾಯಿತು. ಗಟ್ಟಿಮೇಳ ಬರಲಿಲ್ಲ.

"ಎಲ್ಲಯ್ಯ ಅದು?"

ಮುದ್ದಯ್ಯ ಮನಸ್ಸಿಲ್ಲದ ಮನಸ್ಸಿನಿಂದ ಪಿನ್ನೆತ್ತಿ ಒಳಗಿನ ಗೆರೆಯೊಂದರ ಮೇಲೆ ಇಟ್ಟ. ನಾಲ್ಕು ಹಾರನ್ನುಗಳೂ ಒಟ್ಟಿಗೆ ಮೊರೆದವು. ಅಂಗಳದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಮುದುಕಿಯರು ಸೆರಗಿನಲ್ಲಿ ಉಳಿದಿದ್ದ ಅಕ್ಷತೆ ಎಸೆದರು. ಚಿಕ್ಕ ಪುರೋಹಿತನ ಬಾಯಿ ಮತ್ತೆ ತೆರೆಯಿತು. ಹೆಚ್ಚಿನ ಅಕ್ಷತೆ ಬಿದ್ದದ್ದು ಚಿಕ್ಕಮಾದಯ್ಯನವರ ಮೇಲೆ.

"ನಿಲ್ಲಿಸ್ರಯ್ಯ! ನನಗೆ ಮದುವೆಯಾಗಿ ಮೂರು ಮಕ್ಕಳಿದಾವೆ!"

ಕಾಲರಿನೊಳಗೆ ಹೋದ ಅಕ್ಕಿ ಕೊಡವಿಕೊಳ್ಳುತ್ತ ಅವರು ಮುದ್ದಯ್ಯನ ಕಡೆ ತಿರುಗಿದರು. "ಸುಮ್ಮನೆ ಕೈಯಾಡಿಸಿದವರಿಗೆ ಈ ಜಾಗ ಸಿಕ್ಕಲ್ಲ. ಯಾರಿಗೋ ನೀನೇ ತೋರಿಸಿದೀಯ. ಯಾರಿಗೆ?"

ಮುದ್ದಯ್ಯ ರೆಕಾರ್ಡನ್ನು ಕವರಿಗೆ ಹಾಕತೊಡಗಿದ.

"ಹೇಳದಿದ್ರೆ ಸೆಟ್ಟು ಪೂರ್ತಿ ಜಪ್ತಿ."

"ನಾಳಿಕ್ ಕಿರುಗಾವಲಲ್ಲಿ ಮದ್ವೆ ಒಪ್ಕಂಡಿವ್ನಿ ಸ್ವಾಮಿ."

"ಹಾಗಾದ್ರೆ ಹೇಳು."

ಅವನು ಸೆಟ್ಟಿನ ವೈರು ಕಿತ್ತು ಸುತ್ತತೊಡಗಿದ. "ತಕಂಡೋಗಿ. ನಾ ಎಸ್ರು ಏಳಾಕಿಲ್ಲ."

"ಅವನನ್ನ ಬಿಡಿ," ಎಂದಿತು ಹಿಂದಿನಿಂದ ಒಂದು ಹೆಂಗಸಿನ ದನಿ. "ತೋರಿಸಿದ್ದು ನನಗೆ. ಚೆನ್ನಾಗಿದೆ, ಎಲ್ಲಿ ಬರುತ್ತೆ ತೋರಿಸಪ್ಪ ಅಂತ ನಿನ್ನೆ ಸಂಜೆ ಕೇಳಿದ್ದೆ. ಹಾರನ್ನು ಬೀಳೋ ಹಾಗಿದೆ ಅಂತ ಮರ ಹತ್ತಿಸಿದ್ದೂ ನಾನೇ."

ಮದುಮಗನ ತಾಯಿ ತಿರುಮಲಮ್ಮ. ಪೊಲೀಸರು ಬಂದಾಗಿನಿಂದ ಅವರ ದನಿಯನ್ನು ಯಾರೂ ಕೇಳಿರಲಿಲ್ಲ.

ಯೋಗಾನರಸಿಂಹ ಗುಂಪು ಸರಿಸಿಕೊಂಡು ಬಂದರು. "ನೀನಾ? ರಾಹುಕಾಲ ಅನ್ನೋ ಜ್ಞಾನವಾದರೂ ಬೇಡವೇನೇ?"

"ರಾಹುಕಾಲ ಮುಗೀಲಿ ಅಂತ ಕೂತಿದ್ರೆ ನೀವು ಬಸ್ಸು ಹತ್ತಿಸಿಬಿಡ್ತಿದ್ರಿ."

ವಕೀಲರು ಚಿಕ್ಕಮಾದಯ್ಯನವರ ಹತ್ತಿರ ಬಂದು ದನಿ ತಗ್ಗಿಸಿದರು. "ಇದು ನಮ್ಮ ಮನೆ ವಿಷಯ. ದೂರು ವಾಪಸ್ ತಗೋತೀನಿ."

"ಸೆಕ್ಷನ್ ಹೇಳಿಕೊಟ್ಟೋರು ನೀವೇ ಅಲ್ವಾ ಸ್ವಾಮಿ? ಎಫ್‌ಐಆರ್ ಹರಿದು ಹಾಕೋಕೆ ನನಗೆ ಅಧಿಕಾರ ಇಲ್ಲ. ಅದೂ ನಿಮಗೇ ಗೊತ್ತು." ಚಿಕ್ಕಮಾದಯ್ಯನವರಿಗೆ ಆ ಇಡೀ ಛತ್ರವನ್ನೇ ಲಾಕಪ್ಪಿಗೆ ಹಾಕಿ ಮನೆಗೆ ಹೋಗಿ ಮಲಗಬೇಕೆನ್ನಿಸಿತ್ತು.

ಹನ್ನೆರಡೂ ಹತ್ತಕ್ಕೆ ತಿರುಮಲಮ್ಮನವರ ದಸ್ತಗಿರಿಯಾಯಿತು. ಅವರು ಸೆರಗು ಸರಿಮಾಡಿಕೊಂಡು ತಾವೇ ಜೀಪು ಹತ್ತಿದರು.

ಹೆಂಗಸು ಆರೋಪಿಯಾದ್ದರಿಂದ ಠಾಣೆ ಗುಡಿಸುವ ಬೆಳ್ಳಮ್ಮನನ್ನು ಜೊತೆಗೆ ಕೂರಿಸಿ, ಹೇಳಿಕೆ ಬರೆದುಕೊಂಡರು.

"ಯಾಕಮ್ಮ ಹೀಗೆ ಮಾಡಿದ್ರಿ?"

"ನನ್ನ ಮದುವೇಲಿ ಇದೇ ಆಯ್ತಪ್ಪ. ಆಗ ಸೈಕಲ್ಲು. ನಮ್ಮ ಮಾವನವರು ಸೈಕಲ್ ಬಂದ ಹೊರತು ತಾಳಿ ಇಲ್ಲ ಅಂದ್ರು. ಮೈಸೂರಿಂದ ತರೋವರೆಗೂ, ಬೆಳಗ್ಗೆಯಿಂದ ದೀಪ ಹಚ್ಚೋ ಹೊತ್ತಿನವರೆಗೂ ಹಸೆ ಮೇಲೆ ಕೂತಿದ್ದೆ. ಊರೆಲ್ಲ ಬಂದು ನೋಡಿಕೊಂಡು ಹೋಯ್ತು. ಹೊಟ್ಟೆಗೆ ಏನಾದರೂ ಬೇಕೇನೇ ಅಂತ ಒಬ್ಬರೂ ಕೇಳಲಿಲ್ಲ. ಹದಿನೈದು ವರ್ಷ ನನಗೆ."

"ಯಜಮಾನರು?"

"ಪಕ್ಕದಲ್ಲೇ ಇದ್ರು. ಬಾಯಿ ಬಿಡಲಿಲ್ಲ. ಮಾವನವರ ಮೇಲೆ ನನಗೆ ಸಿಟ್ಟು ಉಳಿದಿಲ್ಲ. ಆ ಬಾಯಿ ಮುಚ್ಚಿಕೊಂಡು ಕೂತದ್ದು ಮಾತ್ರ ಮರೆಯೋಕಾಗಲಿಲ್ಲ. ಇವತ್ತು ನೋಡಿದರೆ ನನ್ನ ಮಗನೂ ಹಾಗೇ ಕೂತಿದ್ದಾನೆ. ಅವನು ಕೆಟ್ಟವನಲ್ಲಪ್ಪ, ಅಪ್ಪನೆದುರು ದನಿ ಏಳಲ್ಲ ಅಷ್ಟೆ. ಗಟ್ಟಿಮೇಳ ಕೇಳಿಸಿದರೆ ಕೈಯಾದರೂ ಏಳುತ್ತೆ ಅಂದುಕೊಂಡೆ. ಎದ್ದಿತು."

ಬೆಳ್ಳಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಚಿಕ್ಕಮಾದಯ್ಯ ಪೆನ್ನಿಗೆ ಮುಚ್ಚಳ ಹಾಕಿದರು.

"ಜಾಮೀನು ಸಿಗೋ ಕೇಸಮ್ಮ. ಯಾರಾದರೂ ಬಂದು ರುಜು ಹಾಕಿದ್ರೆ ಈಗಲೇ ಹೋಗಬಹುದು."

"ನಮ್ಮ ಯಜಮಾನರೇ ಬರಲಿ. ಒಬ್ಬರೇ ಬರೋದು ಬೇಡ, ಸೊಸೇನ ಕರಕೊಂಡು ಬರಲಿ. ಇಲ್ಲದಿದ್ರೆ ನಾನು ಇಲ್ಲೇ ಇರ್ತೀನಿ."

ಸುದ್ದಿ ಹೇಳಲು ಹೋದ ತಿಬ್ಬೇಗೌಡ ಎರಡು ಸಲ ಬರಿಗೈಯಲ್ಲಿ ವಾಪಸಾದ. ವಕೀಲರ ಹೆಂಡತಿ ಲಾಕಪ್ಪಿನಲ್ಲಿದ್ದಾರೆಂಬ ಸುದ್ದಿ ಅಷ್ಟರಲ್ಲಿ ಮಂಡ್ಯದ ಬಸ್ಸು ಹತ್ತಿತ್ತು. ನಾಲ್ಕು ಗಂಟೆಗೆ ಯೋಗಾನರಸಿಂಹ ಬಂದರು. ಹಿಂದೆ ಅನಂತರಾಮು, ಅವನ ಪಕ್ಕದಲ್ಲಿ ಟಿಫನ್ ಕ್ಯಾರಿಯರ್ ಹಿಡಿದ ಆಂಡಾಳ್.

ವಕೀಲರು ಯಾರ ಮುಖವನ್ನೂ ನೋಡದೆ ಕೇಳಿದರು. "ಎಲ್ಲಿ ರುಜು ಹಾಕಬೇಕು?"

"ಇಲ್ಲಿ. ಆರೋಪಿಗೂ ನಿಮಗೂ ಏನು ಸಂಬಂಧ?"

"ಹೆಂಡತಿ."

"ಫಿರ್ಯಾದಿಗೂ ನಿಮಗೂ?"

ವಕೀಲರು ಪೆನ್ನಿಗಾಗಿ ಕೈ ಚಾಚಿದರು. ಚಿಕ್ಕಮಾದಯ್ಯ ನಿಟ್ಟುಸಿರು ಬಿಟ್ಟು ಮುಚ್ಚಳಿಕೆ ಪತ್ರವನ್ನು ಮುಂದಕ್ಕೆ ತಳ್ಳಿದರು. ಅದಕ್ಕೆ ತಿರುಮಲಮ್ಮನವರ ರುಜುವೂ ಬೇಕಿತ್ತು.

ಆದರೆ ಅವರು ಸೊಸೆಯ ಕಡೆ ನೋಡುತ್ತಿದ್ದರು. "ಊಟ ಆಯ್ತೇನಮ್ಮ?"

"ಇಲ್ಲ ಅತ್ತೆ. ನಿಮಗೆ ತಂದಿದೀನಿ."

"ಬೆಳಗ್ಗೆಯಿಂದ ಏನೂ ತಿಂದಿಲ್ವಾ? ಬಾ, ಕೂತ್ಕೋ."

ಬೆಂಚಿನ ಮೇಲೆ ಕ್ಯಾರಿಯರ್ ಬಿಚ್ಚಿದರು. ಮೊದಲನೆಯ ತುತ್ತನ್ನು ತಿರುಮಲಮ್ಮನವರೇ ಕಲಸಿ ಸೊಸೆಯ ಕೈಗಿಟ್ಟರು.

"ಅಮ್ಮ, ಒಂದು ರುಜು ಹಾಕಿಬಿಡಿ. ಯಜಮಾನರು ಕಾಯ್ತಿದಾರೆ," ಎಂದರು ಚಿಕ್ಕಮಾದಯ್ಯ.

"ಕಾಯಲಿ ಬಿಡಪ್ಪ. ನಮ್ಮ ಊಟ ಆಗಲಿ."